ಆರು ಕ್ವಿಂಟಲ್ ಹೊರುವ ಸ್ಟ್ಯಾಂಡ್: ಮಾಡಬೇಕಾದ್ದು, ಮಾಡಬಾರದ್ದು

ನಾಲ್ಕಡಿ ಅಥವಾ ಅದಕ್ಕೂ ದೊಡ್ಡ ಮೀನಿನ ಟ್ಯಾಂಕಿಗೆ ಮರದ ಸ್ಟ್ಯಾಂಡ್ ಮಾಡಿಸಲು ಹೊರಟವರಿಗೂ ಅದನ್ನು ಮಾಡಿಕೊಡಲು ಒಪ್ಪಿಕೊಂಡ ಬಡಗಿಗೂ ಈ ಸೂಚನೆ. ಒಂದೂವರೆ ಅಡಿಯ ಪುಟ್ಟ ಟ್ಯಾಂಕ್ ಇಟ್ಟುಕೊಂಡವರಿಗೆ ಗಟ್ಟಿಯಾದ ಒಂದು ಮೇಜು ಸಾಕು, ಇಷ್ಟೆಲ್ಲ ತಲೆಬಿಸಿ ಬೇಡ.

ಮೊದಲು ತೂಕ

ಮರದ ಅಂಗಡಿಗೆ ಹೋಗುವ ಮುನ್ನ ಲೆಕ್ಕ ಹಾಕಿ. ಒಂದು ಲೀಟರ್ ನೀರು ಒಂದು ಕೆ.ಜಿ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನ ಹೊರ ಅಳತೆ ಸುಮಾರು 450 ಲೀಟರ್. ಗಾಜಿನ ದಪ್ಪವನ್ನೂ ಮೇಲೆ ಖಾಲಿ ಬಿಡುವ ಒಂದೆರಡು ಇಂಚನ್ನೂ ಕಳೆದರೆ ಒಳಗೆ ನಿಲ್ಲುವ ನೀರು 380 ಲೀಟರ್ ಆಸುಪಾಸು. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕೆ.ಜಿ. ತೂಗುತ್ತದೆ, ಈ ಅಳತೆಯ ಟ್ಯಾಂಕಿಗೆ ಗಾಜೇ 90 ಕೆ.ಜಿ. ಹತ್ತಿರ ಬರುತ್ತದೆ. ಮರಳು, ಕಲ್ಲು, ಫಿಲ್ಟರ್, ಲೈಟು, ಮುಚ್ಚಳ ಎಲ್ಲ ಸೇರಿದರೆ 540ರ ಆಸುಪಾಸು. ಸ್ಟ್ಯಾಂಡಿನ ಸ್ವಂತ ತೂಕವನ್ನೂ ಕೂಡಿಸಿದರೆ ನೆಲದ ಮೇಲೆ ಆರು ಕ್ವಿಂಟಲ್ ಕೂತ ಹಾಗಾಯಿತು.

ಬಡಗಿಯ ಹತ್ತಿರ "ನಾಲ್ಕಡಿ ಟ್ಯಾಂಕಿಗೆ ಸ್ಟ್ಯಾಂಡ್ ಬೇಕು" ಅಂತಷ್ಟೇ ಹೇಳಬೇಡಿ. ಅದೇ ನಾಲ್ಕಡಿ ಉದ್ದದ ಟ್ಯಾಂಕ್ ಒಂದಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ ನೀರು 170 ಲೀಟರ್ ಮುಟ್ಟುವುದಿಲ್ಲ. ಉದ್ದ ಹೇಳಿ ಅಗಲ, ಎತ್ತರ ಬಿಟ್ಟರೆ ಅವರಿಗೆ ಏನೂ ಹೇಳಿದಂತಾಗಲಿಲ್ಲ. ತೂಕವನ್ನು ಕೆ.ಜಿ. ಲೆಕ್ಕದಲ್ಲೇ ಬರೆದುಕೊಡಿ. ಟ್ಯಾಂಕ್ ಮನೆಗೆ ಬಂದು, ಟೇಪು ಹಿಡಿದು ಅಳೆದಾದ ಮೇಲೆಯೇ ಮರಕ್ಕೆ ಗರಗಸ ತಾಗಲಿ. ಗಾಜು ಅಂಟಿಸುವವರ ಕೈಯಲ್ಲಿ ಅಳತೆ ಕಾಲಿಂಚು ಆಚೀಚೆ ಆಗುವುದು ದಿನದ ಮಾತು.

ನೆಲ

ಮಹಡಿ ಮನೆಯವರು ಇದನ್ನು ಎರಡು ಸಲ ಓದಿ. ವಾಸದ ಕೋಣೆಗೆ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹಿಡಿಯುವ ಹೊರೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ನಿಮ್ಮ ಟ್ಯಾಂಕಿನ ಅಡಿಯಲ್ಲಿ ಬೀಳುವುದು ಚದರ ಮೀಟರಿಗೆ 800. ಆ 200 ಕೋಣೆಯ ಉದ್ದಗಲಕ್ಕೂ ಹರಡಿದ ಲೆಕ್ಕವಾದ್ದರಿಂದ ಸ್ಲ್ಯಾಬ್ ಕೂಡಲೇ ಕೈಕೊಡುವುದಿಲ್ಲ. ಆದರೆ ಟ್ಯಾಂಕನ್ನು ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಗೋಡೆಗೆ ಹತ್ತಿರ, ಅಡಿಯಲ್ಲಿ ಬೀಮ್ ಹಾದುಹೋಗಿರುವ ಕಡೆ, ಉದ್ದದ ಬದಿ ಗೋಡೆಗೆ ಹೊಂದಿಕೊಂಡಿರುವಂತೆ ಇಡಿ. ಹಾಲಿನ ನಡುವೆ, ಊಟದ ಮೇಜಿಗೂ ಸೋಫಾಕ್ಕೂ ಮಧ್ಯೆ ಪಾರ್ಟಿಷನ್ ತರಹ ನಿಲ್ಲಿಸಬೇಡಿ; ಚಿತ್ರಗಳಲ್ಲಿ ಅದು ಚೆಂದ ಕಾಣುತ್ತದೆ, ಸ್ಲ್ಯಾಬಿಗೆ ಅದೇ ಅತ್ಯಂತ ಬಡ ಜಾಗ. ಹೊರಚಾಚಿದ ಬಾಲ್ಕನಿ ಬೇಡವೇ ಬೇಡ. ಹಳೆ ಬೆಂಗಳೂರು, ಮೈಸೂರಿನ ಮದ್ರಾಸ್ ತಾರಸಿ ಮನೆಗಳ ಮೇಲ್ಮಹಡಿಯೂ ಬೇಡ: ಆ ತಾರಸಿಯನ್ನು ಹೊತ್ತಿರುವುದೂ ಮರದ ತೊಲೆಯೇ, ಅದರ ವಯಸ್ಸು ನಿಮ್ಮ ಅಜ್ಜನದು. ಕರಾವಳಿ, ಮಲೆನಾಡಿನ ಹಂಚಿನ ಮನೆಯ ಅಟ್ಟಕ್ಕೆ ಟ್ಯಾಂಕ್ ಏರಿಸುವ ಯೋಚನೆ ಬಂದರೆ ಅದನ್ನು ಅಲ್ಲೇ ಬಿಡಿ. ನಾಲ್ಕಡಿ ಮೀರಿದ ಟ್ಯಾಂಕನ್ನು ಮಹಡಿಯ ಮೇಲೆ ಇಡುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರಿಗೆ ಮನೆಯ ನಕ್ಷೆ ತೋರಿಸಿ. ಅದಕ್ಕೆ ಆಗುವ ಖರ್ಚು ಗಾಜಿನ ಖರ್ಚಿಗಿಂತ ಕಡಿಮೆ.

ನೆಲಮಹಡಿಯಲ್ಲಿ ಬೇರೆ ಕಾಟ. ಟೈಲಿನ ಕೆಳಗೆ ತುಂಬಿದ ಮಣ್ಣು ಕೂತು ಪೊಳ್ಳಾಗಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದು ಟೈಲನ್ನೂ ತಟ್ಟಿ ಕೇಳಿ. ಟೊಳ್ಳು ಸದ್ದು ಬಂದ ಜಾಗದಲ್ಲಿ ಸ್ಟ್ಯಾಂಡಿನ ಕಾಲು ಬರಕೂಡದು.

ಮರ, ಪ್ಲೈ

ಸಾಗುವಾನಿಯೇ ಬೇಕು ಅಂತಿಲ್ಲ. ಹೊನ್ನೆ, ನಂದಿ, ಮತ್ತಿ ಇವು ನಮ್ಮ ಮನೆಗಳ ತೊಲೆ, ಬಾಗಿಲುವಾಡ ಹೊತ್ತ ಮರಗಳು. ಚೌಕಟ್ಟಿಗೆ ಧಾರಾಳ ಸಾಕು. ಹೊನ್ನೆಯ ಒಂದು ಗುಣ ಮಾತ್ರ ನೆನಪಿರಲಿ. ಸಕ್ಕರೆ ಕಾಯಿಲೆಯವರು ರಾತ್ರಿ ಹೊನ್ನೆ ಲೋಟದಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವಾಗ ಆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದಲ್ಲ, ಪಾಲಿಶ್ ಇಲ್ಲದ ಹೊನ್ನೆ ಸ್ಟ್ಯಾಂಡಿನ ಮೇಲೆ ನೀರು ಸೋರಿದರೆ ನಿಮ್ಮ ಬಿಳಿ ಟೈಲಿನ ಮೇಲೂ ಅದೇ ಬಣ್ಣ ಇಳಿಯುತ್ತದೆ. ಕಾಫಿ ತೋಟದಿಂದ ಬರುವ ಸಿಲ್ವರ್ ಓಕ್ ಅಗ್ಗ, ನೋಡಲೂ ಚೆನ್ನ. ಬಾಗಿಲಿಗೆ, ಅಲಂಕಾರದ ಪಟ್ಟಿಗೆ ಬಳಸಿ, ಹೊರೆ ಹೊರುವ ಜಾಗಕ್ಕೆ ಬೇಡ.

ಕೆಡವಿದ ಮನೆಯ ಹಳೆ ಮರ ಸಿಕ್ಕರೆ ಬಿಡಬೇಡಿ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಂಥ ಕಡೆ ಹೊಸ ಮರ ಕೊಯ್ಸಿ ತರುವುದಕ್ಕಿಂತ, ಎಷ್ಟೋ ಮಳೆಗಾಲ ಕಂಡು ಒಣಗಿದ ತೊಲೆ ನೆಟ್ಟಗೆ ನಿಲ್ಲುತ್ತದೆ. ಕೊಳ್ಳುವಾಗ ಮೂರು ನೋಡಿ: ಒಳಗೆ ಮುರಿದು ಕೂತ ಮೊಳೆ, ಗೆದ್ದಲಿನ ಮಣ್ಣಿನ ಗೆರೆ, ಕುಟ್ಟೆ ಹಿಡಿದ ಪುಡಿ. ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಆ ಮರವನ್ನು ಮನೆಯೊಳಗೇ ತರಬೇಡಿ.

ಹಸಿ ಮರ ಬೇಡ. ತೇವಾಂಶ ಅಳೆಯುವ ಪುಟ್ಟ ಮೀಟರ್ ದೊಡ್ಡ ಟಿಂಬರ್ ಅಂಗಡಿಗಳಲ್ಲಿ ಇರುತ್ತದೆ, ಕೇಳಿ ಹಿಡಿಸಿ ನೋಡಿ. ಬಯಲುಸೀಮೆಯಲ್ಲಿ ಶೇಕಡಾ 12ರ ಸುತ್ತ ಇರಲಿ. ಮಂಗಳೂರು, ಕಾರವಾರದ ಕಡೆ ಒಂದೆರಡು ಹೆಚ್ಚಿದ್ದರೆ ಚಿಂತೆಯಿಲ್ಲ. ಹಸಿ ಮರದಲ್ಲಿ ಎಷ್ಟು ಬಿಗಿಯಾಗಿ ಜೋಡಿಸಿದರೂ ಒಣಗುತ್ತ ಕುಗ್ಗಿ ಸಂದು ಬಿಡುತ್ತದೆ.

ಪ್ಲೈ ವಿಷಯದಲ್ಲಿ ಮುಲಾಜು ಬೇಡ. ಐಎಸ್ 710 ಮುದ್ರೆಯ ಮರೈನ್ ಪ್ಲೈ ಮಾತ್ರ. ಐಎಸ್ 303ರ ಎಂಆರ್ ದರ್ಜೆಯದು ಬೀರುವಿಗೆ ಸರಿ. ಗಾಳಿಯ ತೇವ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಮುದ್ರೆಯನ್ನು ಹಾಳೆಯ ಮೇಲೆ ಕಣ್ಣಾರೆ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಎರಡಕ್ಕೂ ಈ ಕೆಲಸದಲ್ಲಿ ಜಾಗವಿಲ್ಲ, ಮೇಲೆ ಎಂಥ ಸನ್ಮೈಕಾ ಅಂಟಿಸಿದರೂ ಅಷ್ಟೆ. ಅಂಚಿನಲ್ಲಿ ಒಮ್ಮೆ ನೀರು ಹೊಕ್ಕರೆ ಉಬ್ಬುತ್ತವೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ.

ಭಾರ ಇಳಿಯುವ ದಾರಿ

ಈ ಸೂಚನೆಯಲ್ಲಿ ಒಂದೇ ಒಂದನ್ನು ಪಾಲಿಸುವವರು ಇದನ್ನು ಪಾಲಿಸಿ: ಟ್ಯಾಂಕಿನಿಂದ ನೆಲದವರೆಗೆ ಭಾರ ಮರದ ಮೇಲೆ ಮರ ಕೂತೇ ಇಳಿಯಬೇಕು. ದಾರಿಯಲ್ಲಿ ಎಲ್ಲೂ ಸ್ಕ್ರೂವಿನ ಮೇಲೆ ನಿಲ್ಲಕೂಡದು.

ಬಡಗಿಗಳು ಮೇಜು ಮಾಡಿ ಮಾಡಿ ಕೈ ಪಳಗಿದವರು. ಮೇಜಿನಲ್ಲಿ ಅಡ್ಡಪಟ್ಟಿಯನ್ನು ಕಾಲಿನ ಮಗ್ಗುಲಿಗೆ ಸ್ಕ್ರೂ ಹೊಡೆದು ನಿಲ್ಲಿಸುವುದುಂಟು, ಅಲ್ಲಿ ಅದು ನಡೆಯುತ್ತದೆ. ಇಲ್ಲಿ ಹಾಗೆ ಮಾಡಿದರೆ ಆರು ಕ್ವಿಂಟಲ್ ನಾಲ್ಕಾರು ಸ್ಕ್ರೂಗಳ ಕತ್ತಿನ ಮೇಲೆ ನೇತಾಡುತ್ತದೆ. ಮೂರಿಂಚು ಚೌಕದ ಗಟ್ಟಿ ಮರದ ಗಿಡ್ಡ ಕಾಲು ನೆಟ್ಟಗೆ ನಿಂತರೆ ಒಂದೊಂದೂ ಟನ್ ಮೀರಿ ಹೊರುತ್ತದೆ, ಕಾಲಿಗೆ ಹೆದರಬೇಕಾಗಿಲ್ಲ. ಕೈಕೊಡುವುದು ಕಾಲೂ ಪಟ್ಟಿಯೂ ಕೂಡುವ ಮೂಲೆ. ಅಡ್ಡಪಟ್ಟಿ ಕಾಲಿನ ತಲೆಯ ಮೇಲೆ ಕೂರಲಿ. ಇಲ್ಲವೇ ಕಾಲಿಗೆ ಕಚ್ಚು ಹೊಡೆದು, ಪಟ್ಟಿಯ ತುದಿ ಆ ಕಚ್ಚಿನೊಳಗೆ ಪೂರ್ತಿ ಇಳಿದು ಕೂರಲಿ. ಮೂಲೆಯನ್ನು ಹತ್ತಿರದಿಂದ ನೋಡಿ: ಪಟ್ಟಿಯ ಅಡಿಗೂ ಕಚ್ಚಿನ ಮೆಟ್ಟಿಲಿಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರಿಸಿ. ಕಾರ್ಡು ಒಳಗೆ ಹೋದರೆ ಭಾರ ಸ್ಕ್ರೂವಿನ ಮೇಲಿದೆ ಅಂತಲೇ ಅರ್ಥ. ಬಿಚ್ಚಿಸಿ, ಉಳಿ ಹಿಡಿಸಿ, ಮತ್ತೆ ಕೂರಿಸಿ. ಸಂದಿಗೆ ಮರದ ಹೊಟ್ಟೂ ಗಮ್ಮೂ ಕಲಸಿ ಮೆತ್ತಿ ಮುಚ್ಚಲು ಒಪ್ಪಬೇಡಿ. ಪಾಲಿಶ್ ಆದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಈ ಪರೀಕ್ಷೆ ಪಾಲಿಶ್‌ಗೆ ಮುಂಚೆ ಮುಗಿಯಬೇಕು.

ಅಡ್ಡಪಟ್ಟಿ ನಾಲ್ಕಿಂಚು-ಎರಡಿಂಚಿನದಾದರೆ ನಾಲ್ಕಿಂಚಿನ ಬದಿ ನೆಟ್ಟಗೆ ನಿಲ್ಲಲಿ. ಅದೇ ಪಟ್ಟಿಯನ್ನು ಮಲಗಿಸಿದರೆ ಅದೇ ಭಾರಕ್ಕೆ ನಾಲ್ಕು ಪಟ್ಟು ಬಾಗುತ್ತದೆ. ಮರಕ್ಕೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ, ಬರೀ ತಿರುಗಿಸಿ ಇಡುವ ಮಾತು. ಕಾಲಿನಿಂದ ಕಾಲಿಗೆ ಅಂತರವೂ ಹೀಗೇ: ಅಡಿಗೆ ಇಷ್ಟು ಅಂತ ಒಂದೇ ಸಮನೆ ಭಾರ ಇರುವಾಗ ಅಂತರ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟು. ಆದ್ದರಿಂದ ನಾಲ್ಕಡಿ ಟ್ಯಾಂಕಿಗೆ ಮುಂದೆ ಮೂರು, ಹಿಂದೆ ಮೂರು, ಒಟ್ಟು ಆರು ಕಾಲು. "ನಡುವೆ ಕಾಲು ಬಂದರೆ ಬಾಗಿಲು ಅಗಲ ಸಿಗಲ್ಲ ಸಾರ್, ಲುಕ್ಕು ಹೋಗುತ್ತೆ" ಎಂದು ಬಡಗಿ ಹೇಳಿಯೇ ಹೇಳುತ್ತಾರೆ. ಹೋಗಲಿ ಬಿಡಿ. ನಡುಗಾಲಿನ ಆಚೆ ಒಂದು, ಈಚೆ ಒಂದು ಬಾಗಿಲು ಮಾಡಿಸಿ.

"ಇದರ ಮೇಲೆ ಆನೆ ನಿಲ್ಲಿಸಿ ಬೇಕಾದ್ರೆ" ಅನ್ನುವುದು ಇನ್ನೊಂದು ಮಾತು. ಆನೆ ಹತ್ತಿ ಇಳಿದು ಹೋಗುತ್ತದೆ ಆಚಾರ್ರೇ, ಇದು ಹತ್ತು ವರ್ಷ ಅಲ್ಲೇ ನಿಂತಿರುತ್ತದೆ. ಬಿಡುವೇ ಇಲ್ಲದೆ ಭಾರ ಹೊತ್ತ ಮರ ಮೊದಲ ದಿನ ಬಾಗಿದಷ್ಟಕ್ಕೆ ನಿಲ್ಲುವುದಿಲ್ಲ. ವರ್ಷಗಳು ಕಳೆದಂತೆ ಆ ಬಾಗು ಒಂದೂವರೆ ಪಟ್ಟು ಮೀರಿ ಬೆಳೆಯಬಹುದು, ತೇವದ ಜಾಗದಲ್ಲಿ ಇನ್ನೂ ಹೆಚ್ಚು. ಸ್ಟ್ಯಾಂಡ್ ಮುರಿದು ಬೀಳುವುದು ಅಪರೂಪ. ಅದು ಎರಡು ಮೂರು ಮಿಲಿಮೀಟರ್ ಬಾಗಿದರೆ ಸಾಕು, ಬಾಗಲು ಬಾರದ ಗಾಜು ಆ ಕೆಲಸ ಮುಗಿಸುತ್ತದೆ: ಒಂದೋ ತಳದಲ್ಲಿ ಸೀಳು, ಇಲ್ಲವೇ ಮೂಲೆಯ ಸಿಲಿಕೋನ್ ಬಿಡುವುದು. ಹಾಗಾಗಿ ಬಡಗಿಯನ್ನು "ಇದು ಮುರಿಯುತ್ತಾ?" ಎಂದು ಕೇಳಬೇಡಿ, "ಎಷ್ಟು ಬಾಗುತ್ತೆ?" ಎಂದು ಕೇಳಿ.

ಸ್ಕ್ರೂ ಬೇಡವೇ ಬೇಡ ಅಂತಲ್ಲ. ಜೋಡಣೆ ಜಾರದಂತೆ ಹಿಡಿದಿಡುವುದು ಅದರ ಕೆಲಸ, ಅಷ್ಟು ಮಾಡಲಿ. ಸ್ಟೇನ್‌ಲೆಸ್ ಸ್ಟೀಲಿನದೋ ಹಿತ್ತಾಳೆಯದೋ ಹಾಕಿಸಿ. ಜಿಪ್ಸಂ ಬೋರ್ಡಿಗೆ ಹೊಡೆಯುವ ಕಪ್ಪು ಸ್ಕ್ರೂ ಬೇಡ. ಅಗ್ಗ, ಎಲ್ಲರ ಪೆಟ್ಟಿಗೆಯಲ್ಲೂ ಇರುತ್ತದೆ, ಬಾಗುವ ಬದಲು ಪಟ್ಟನೆ ಮುರಿಯುತ್ತದೆ. ಗಮ್ಮು ನೀರು ತಡೆಯುವ ದರ್ಜೆಯದೇ ಆಗಿರಲಿ.

ಬೆನ್ನು ಮತ್ತು ತಲೆ

ಕಾಲು ಎಷ್ಟೇ ದಪ್ಪ ಇದ್ದರೂ ಸ್ಟ್ಯಾಂಡ್ ಅಡ್ಡಡ್ಡ ವಾಲದಂತೆ ತಡೆಯುವುದು ಬೆನ್ನಿನ ಹಲಗೆ. ಹಿಂಬದಿಗೆ 12 ಮಿ.ಮೀ. ಮರೈನ್ ಪ್ಲೈ ಒಂದೇ ತುಂಡಾಗಿ, ಗಮ್ ಹಾಕಿ, ಸುತ್ತಲೂ ಸ್ಕ್ರೂ ಹೊಡೆದು ಕೂರಿಸಿ. ಎರಡು ಪಕ್ಕಗಳಿಗೂ ಹಾಗೇ. ಪೈಪಿಗೆ ತೂತು ಬೇಕಾದರೆ ದುಂಡಗೆ ಕೊರೆಸಿ. ಅರ್ಧ ಬೆನ್ನನ್ನೇ ಕತ್ತರಿಸಿ ಕಿಟಕಿ ಮಾಡಬೇಡಿ. ನಾಲ್ಕೂ ಕಡೆ ತೆರೆದ, ಬರೀ ಕಾಲುಗಳ ಸ್ಟ್ಯಾಂಡ್ ಬೇಕೇ ಬೇಕು ಅನ್ನುವವರು ವೆಲ್ಡಿಂಗ್ ಅಂಗಡಿಗೆ ಹೋಗಿ ಕಬ್ಬಿಣದ್ದು ಮಾಡಿಸಿಕೊಳ್ಳಿ, ಮರದಲ್ಲಿ ಬೇಡ.

ಮೇಲ್ಹಲಗೆ 18 ಮಿ.ಮೀ. ಇರಲಿ. ಅದು ಟ್ಯಾಂಕಿಗಿಂತ ಸುತ್ತಲೂ ಅರ್ಧ ಇಂಚು ದೊಡ್ಡದಾಗಿರಬಹುದು, ಚಿಕ್ಕದಾಗಿರಕೂಡದು. ಗಾಜಿನ ಅಂಚು ಗಾಳಿಯಲ್ಲಿ ನಿಲ್ಲುವಂತಿಲ್ಲ. ಟ್ಯಾಂಕಿನ ಅಂಚಿನ ಕೆಳಗೆ ನೇರಕ್ಕೆ ಅಡ್ಡಪಟ್ಟಿ ಇರಬೇಕು. ಪ್ಲೈ ಒಂದೇ ಆ ಭಾರ ಹೊರುವುದಿಲ್ಲ.

ತಳದ ಗಾಜು ಬರಿದಾಗಿರುವ ಟ್ಯಾಂಕಿಗೆ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿ. ನಮ್ಮ ಕಡೆ ಅಂಗಡಿಯವರು ಮಾಡಿಕೊಡುವುದು ಹೆಚ್ಚಾಗಿ ಇಂಥದ್ದೇ. ತಳದಂಚಿಗೆ ಪ್ಲಾಸ್ಟಿಕ್ ಚೌಕಟ್ಟು ಹಾಕಿ, ಗಾಜನ್ನು ಅದರೊಳಗೆ ಎತ್ತರಿಸಿ ಕೂರಿಸಿದ ಕಂಪನಿ ಟ್ಯಾಂಕಿಗೆ ಥರ್ಮಾಕೋಲ್ ಹಾಕಬೇಡಿ, ಅದು ತಳದ ಗಾಜನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಥರ್ಮಾಕೋಲ್ ಇದೆಯಲ್ಲ ಎಂದು ಹಲಗೆಯ ಉಬ್ಬುತಗ್ಗನ್ನು ಹಾಗೇ ಬಿಡುವಂತೆಯೂ ಇಲ್ಲ. ಮರಳ ಕಣವನ್ನು ಅದು ನುಂಗುತ್ತದೆ, ಬಾಗಿದ ಹಲಗೆಯನ್ನಲ್ಲ.

ಎತ್ತರ ಎರಡೂವರೆ ಅಡಿ ಸಾಕು. ಅದರ ಮೇಲೆ ಎರಡಡಿ ಟ್ಯಾಂಕ್ ಬಂದಾಗ ತಳದ ಮರಳಿಗೆ ಕೈ ಮುಟ್ಟಬೇಕು, ಸ್ಟೂಲ್ ಹತ್ತಿ ಒದ್ದೆ ಕೈಯಲ್ಲಿ ಬಾಗುವ ಸರ್ಕಸ್ ಬೇಡ. ಕ್ಯಾನಿಸ್ಟರ್ ಫಿಲ್ಟರ್ ಒಳಗಿಡುವುದಾದರೆ ಅದರ ಎತ್ತರದ ಜೊತೆಗೆ ತಲೆ ಬಿಚ್ಚಿ ಮೇಲೆತ್ತುವ ಜಾಗವನ್ನೂ ಅಳೆದುಕೊಳ್ಳಿ.

ನೆಲ ಒರೆಸುವ ನೀರು

ಟ್ಯಾಂಕ್ ಸೋರಿ ಹಾಳಾದ ಸ್ಟ್ಯಾಂಡಿಗಿಂತ ದಿನಾ ನೆಲ ಒರೆಸಿ ಹಾಳಾದದ್ದೇ ಹೆಚ್ಚು. ಮರ ಅಡಿಯ ಕತ್ತರಿಸಿದ ತುದಿಯಿಂದಲೇ ಹೆಚ್ಚು ನೀರು ಹೀರುತ್ತದೆ. ಕಾಲಿನ ಅಡಿಗೆ, ಪ್ಲೈಯ ಪ್ರತಿ ಕತ್ತರಿಸಿದ ಅಂಚಿಗೆ, ಯಾರೂ ನೋಡದ ಮೇಲ್ಹಲಗೆಯ ತಳಭಾಗಕ್ಕೆ ಎಪಾಕ್ಸಿಯನ್ನೋ ಪಿಯು ಪಾಲಿಶನ್ನೋ ಎರಡು ಕೈ ಹೊಡೆಸಿ. "ಒಳಗಡೆ ಯಾರು ನೋಡ್ತಾರೆ" ಎಂಬ ಮಾತಿಗೆ ಕಿವಿಗೊಡಬೇಡಿ, ನೀರು ನೋಡುತ್ತದೆ.

ಕಾಲುಗಳನ್ನು ನೇರ ಟೈಲಿನ ಮೇಲೆ ಊರಬೇಡಿ. ಕೆಳಗೆ ಉದ್ದಕ್ಕೆ ಮೂರಿಂಚು-ಎರಡಿಂಚಿನ ಪಟ್ಟಿಯ ಚೌಕಟ್ಟು ಬರಲಿ, ಭಾರ ಹರಡುತ್ತದೆ. ಆ ಚೌಕಟ್ಟಿನ ಅಡಿಗೆ ಗ್ರಾನೈಟ್ ಅಂಗಡಿಯಲ್ಲಿ ಕಟಿಂಗ್ ಆಗಿ ಉಳಿದ ಪಟ್ಟಿ ತುಂಡುಗಳನ್ನು, ಎಲ್ಲ ಒಂದೇ ದಪ್ಪದ್ದು ಆರಿಸಿ, ಪ್ರತಿ ಕಾಲಿನ ನೇರಕ್ಕೆ ಕೊಡಿ. ಮುಕ್ಕಾಲು ಇಂಚು ಎತ್ತರ ಸಿಕ್ಕರೆ ಒದ್ದೆ ಬಟ್ಟೆ ಮರಕ್ಕೆ ತಾಗುವುದಿಲ್ಲ. ಮಟ್ಟ ಸರಿಮಾಡಲು ರಟ್ಟು, ಮಡಿಸಿದ ಪೇಪರ್, ಕ್ಯಾಲೆಂಡರ್ ಹಾಳೆ ತುರುಕಬೇಡಿ. ತೆಳು ಫೈಬರ್ ಅಥವಾ ಸ್ಟೀಲ್ ತಗಡು ಹಾಕಿ.

ಗೆದ್ದಲಿಗೆ ಮದ್ದು ಹೊಡೆಸುವುದಿದ್ದರೆ ಮರದ ಕೆಲಸ ನಡೆಯುವಾಗಲೇ, ಮನೆಯ ಹೊರಗೇ ಮುಗಿಸಿ. ಟ್ಯಾಂಕಿನಲ್ಲಿ ಮೀನು ಬಿಟ್ಟಾದ ಮೇಲೆ ಸ್ಟ್ಯಾಂಡಿಗೆ ಗೆದ್ದಲಿನ ಸ್ಪ್ರೇ ಕೂಡದು. ಸೈಪರ್ಮೆಥ್ರಿನ್, ಪರ್ಮೆಥ್ರಿನ್, ಕ್ಲೋರ್‌ಪೈರಿಫಾಸ್ ಇವೆಲ್ಲ ಮೀನಿಗೆ ತೀರಾ ಸಣ್ಣ ಪ್ರಮಾಣದಲ್ಲೇ ವಿಷ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದನ್ನು ಮರೆಯಬೇಡಿ. ಪಾಲಿಶ್, ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆ ಟ್ಯಾಂಕ್ ಏರಿಸಿ.

ಸಿಮೆಂಟ್ ಚೀಲದ ಪರೀಕ್ಷೆ

ಗಾಜು ಏರಿಸುವ ಮುಂಚೆ ಸ್ಟ್ಯಾಂಡಿಗೆ ಭಾರ ಹಾಕಿ ನೋಡಿ. ಬಡಗಿಯ ಕಾರ್ಖಾನೆಯ ಹತ್ತಿರವೋ ಮನೆಯ ಅಂಗಳದಲ್ಲೋ ಮಾಡಿ, ಮಹಡಿಯ ಮೇಲೆ ಬೇಡ. ಸಿಮೆಂಟ್ ಚೀಲ ಒಂದಕ್ಕೆ 50 ಕೆ.ಜಿ.; ಹನ್ನೆರಡು ಚೀಲ ಪೇರಿಸಿದರೆ 600. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಮೇಸ್ತ್ರಿಯನ್ನು ಕೇಳಿ ಒಂದು ದಿನಕ್ಕೆ ತಂದುಕೊಳ್ಳಬಹುದು.

ಮೊದಲು ಮುಂಬದಿಯ ಮೇಲಿನ ಅಡ್ಡಪಟ್ಟಿಯ ಎರಡು ತುದಿಗೆ ಒಂದೇ ಎತ್ತರದಲ್ಲಿ ಸಣ್ಣ ಮೊಳೆ ಹೊಡೆದು, ಗಾರೆ ಕೆಲಸದ ನೂಲನ್ನು ಬಿಗಿಯಾಗಿ ಕಟ್ಟಿ. ತುದಿಗಾಲಿಗೂ ನಡುಗಾಲಿಗೂ ಮಧ್ಯದ ಜಾಗದಲ್ಲಿ ನೂಲು ಹಾದುಹೋಗುವ ಕಡೆ ಪಟ್ಟಿಯ ಮೇಲೆ ಚೂಪಾದ ಪೆನ್ಸಿಲ್ ಗೆರೆ ಎಳೆಯಿರಿ. ಹಿಂಬದಿಗೆ ಪ್ಲೈ ಬಡಿಯುವ ಮುಂಚೆ ಅಲ್ಲೂ ಹೀಗೇ ಗುರುತು ಹಾಕಬಹುದು. ಆಮೇಲೆ ಇಬ್ಬರು ಸೇರಿ ಚೀಲಗಳನ್ನು ಎರಡೆರಡಾಗಿ, ಒಂದೇ ಕಡೆ ವಾಲದಂತೆ ಪೇರಿಸಿ. ಮಕ್ಕಳು, ನಾಯಿ ಹತ್ತಿರ ಸುಳಿಯಕೂಡದು. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗೆರೆ ನೂಲಿಗಿಂತ ಎಷ್ಟು ಕೆಳಗಿಳಿದಿದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ಒಂದು ಮಿಲಿಮೀಟರಿನೊಳಗಿದ್ದರೆ ಒಪ್ಪಿಕೊಳ್ಳಿ. ಮೀರಿದರೆ ಪಟ್ಟಿ ದಪ್ಪ ಮಾಡಿ ಇಲ್ಲವೇ ಕಾಲು ಸೇರಿಸಿ. ಚೀಲಗಳನ್ನು ಇಳಿಸಿ, ಬೆನ್ನಿನ ಪ್ಲೈ ಬಡಿದ ಮೇಲೆ, ಖಾಲಿ ಸ್ಟ್ಯಾಂಡಿನ ತಲೆಯನ್ನು ಪಕ್ಕದಿಂದ ಅಂಗೈಯಲ್ಲಿ ಜೋರಾಗಿ ತಳ್ಳಿ. ಜೋಡಣೆಯಲ್ಲಿ ಕಿರ್ರೆಂದರೆ ಅಥವಾ ತಲೆ ಅಲ್ಲಾಡಿದರೆ ಬಾಕಿ ಹಣ ಕೊಡಬೇಡಿ.

ವಿದ್ಯುತ್ತು

ಪ್ಲಗ್ ಪಾಯಿಂಟ್ ಟ್ಯಾಂಕಿನ ನೇರ ಕೆಳಗೆ ಬೇಡ, ಪಕ್ಕಕ್ಕಿರಲಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಕ್ಯಾಬಿನೆಟ್ಟಿನ ತಳದಲ್ಲಿ ಇಡಬೇಡಿ, ಒಳಗಿನ ಪಕ್ಕದ ಗೋಡೆಗೆ ಎತ್ತರದಲ್ಲಿ ಬಿಗಿಸಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರಿ ಪ್ಲಗ್ ಸೇರಬೇಕು. ವೈರಿನ ಗುಂಟ ಇಳಿದ ಹನಿ ಆ ತಗ್ಗಿನಲ್ಲಿ ಕೆಳಗೆ ಬೀಳುತ್ತದೆ. ಈ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಇದೆಯಲ್ಲ ಅನ್ನಬೇಡಿ, ಅದು ವೈರನ್ನು ಕಾಯುತ್ತದೆ, ನಿಮ್ಮ ಒದ್ದೆ ಕೈಯನ್ನಲ್ಲ. ಕ್ಯಾಬಿನೆಟ್ ಒಳಗೆ ಗಾಳಿಯಾಡಲು ಮೇಲೊಂದು ಕೆಳಗೊಂದು ತೂತಿನ ಸಾಲು ಬಿಡಿಸಿ.

ನೀರು ತುಂಬುವಾಗ

ರಸಮಟ್ಟ ಹಿಡಿದು ಉದ್ದಕ್ಕೂ ಅಗಲಕ್ಕೂ ನೋಡಿ, ನಂತರ ಮೂರನೇ ಒಂದು ಭಾಗ ನೀರು ಬಿಡಿ. ಕೆಲವು ಗಂಟೆ ಕಾದು, ನಾಲ್ಕೂ ಮೂಲೆಯಲ್ಲಿ ಗಾಜಿನ ಮೇಲಂಚಿನಿಂದ ನೀರಿನವರೆಗೆ ಅಳೆಯಿರಿ. ನೀರಿಗಿಂತ ನೇರ ಮಟ್ಟಗೋಲು ಯಾವ ಅಂಗಡಿಯಲ್ಲೂ ಸಿಗದು. ಒಂದು ಮೂಲೆಗೂ ಇನ್ನೊಂದಕ್ಕೂ ಎರಡು ಮಿ.ಮೀ. ಮೀರಿ ವ್ಯತ್ಯಾಸ ಬಂದರೆ ನೀರು ಖಾಲಿ ಮಾಡಿ, ಟ್ಯಾಂಕ್ ಇಳಿಸಿ, ಅಡಿಯಲ್ಲಿ ಸರಿಪಡಿಸಿ. ನೀರು ಇರುವಾಗ ಸ್ಟ್ಯಾಂಡನ್ನು ಸನ್ನೆಗೋಲಿನಿಂದ ಎತ್ತಿ ತಗಡು ತುರುಕುವ ಸಾಹಸ ಯಾರೂ ಮಾಡಬೇಡಿ. ಅರ್ಧ ನೀರಿದ್ದರೂ ಸರಿಸಬೇಡಿ. ಸರಿಬಂದರೆ ಪೂರ್ತಿ ತುಂಬಿ, ಒಂದು ವಾರ ಮೀನಿಲ್ಲದೆ ಬಿಡಿ.

ಆಮೇಲೆ ತಿಂಗಳಿಗೊಮ್ಮೆ ಬಾಗಿಲು ತೆರೆದು ಒಳಗೆ ಟಾರ್ಚ್ ಬಿಡಿ. ಪ್ಲೈಯ ಅಂಚು ಉಬ್ಬಿದೆಯಾ, ಸ್ಕ್ರೂವಿನ ತಲೆಯ ಸುತ್ತ ತುಕ್ಕಿನ ಉಂಗುರ ಬಂದಿದೆಯಾ, ಗ್ರಾನೈಟ್ ತುಂಡಿನ ಪಕ್ಕ ಮಣ್ಣಿನ ಗೆರೆ ಹತ್ತಿದೆಯಾ ನೋಡಿ. ಬಾಗಿಲಿನ ಮೇಲೂ ಕಣ್ಣಿರಲಿ. ಮೊನ್ನೆವರೆಗೆ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಮೇಲುಗಡೆ ಉಜ್ಜತೊಡಗಿದರೆ ಮಳೆಗಾಲಕ್ಕೆ ಮರ ಉಬ್ಬಿದೆ ಅಂತ ಬಡಗಿಯನ್ನು ಕರೆಸಿ ಕೀಸಿಸಬೇಡಿ. ಉಬ್ಬಿರಲೂಬಹುದು, ಮೇಲಿನ ಪಟ್ಟಿ ಕೆಳಗೆ ಬಂದಿರಲೂಬಹುದು. ಅದೇ ದಿನ ನೀರನ್ನು ಅರ್ಧಕ್ಕೆ ಇಳಿಸಿ, ಪಟ್ಟಿಗೆ ಮತ್ತೆ ನೂಲು ಕಟ್ಟಿ ಅಳೆಯಿರಿ. ಹಳೆಯ ಪೆನ್ಸಿಲ್ ಗೆರೆ ಅಲ್ಲೇ ಇರುತ್ತದೆ, ಪಾಲಿಶ್ ಹೊಡೆಯುವವರಿಗೆ ಅದನ್ನು ಉಜ್ಜಿ ಅಳಿಸಬೇಡಿ ಎಂದು ಮೊದಲೇ ಹೇಳಿರಿ.